ಒಂದು ಮೋಟಾರ್ ಸೈಕಲಿನ ಜೀರ್ಣೋದ್ಧಾರ

‘ಕೆಫೆ ರೇಸರ್’ ಎಂಬ ಹೆಸರನ್ನು ಈ ಪತ್ರಿಕೆಯ ವಾಚಕಮಹಾಶಯರಲ್ಲಿ ಅನೇಕರು ಕೇಳಿರಲಾರರು. ಎರಡು ವರ್ಷಗಳ ಹಿಂದಿನವರೆಗೆ ಅದು ನನ್ನ ಕಿವಿಗೂ ಬಿದ್ದಿರಲಿಲ್ಲ. ಬಿದ್ದ ಕೂಡಲೆ, ಪಾಠಶಾಲೆಯಲ್ಲಿ ಓದಿದವನ ಅಭ್ಯಾಸಬಲದಿಂದ, ಈ ಸಮಾಸಕ್ಕೆ ವಿಗ್ರಹವಾಕ್ಯವನ್ನು ಹೇಗೆ ಹೇಳಬೇಕೆಂಬ ಪ್ರಶ್ನೆಯೇ ಮೊದಲು ಹುಟ್ಟಿತು. ಕೆಫೆಗೆ ಓಡತಕ್ಕದ್ದೋ, ಕೆಫೆಯಿಂದ ಓಡತಕ್ಕದ್ದೋ, ಕೆಫೆಯಲ್ಲಿಯೇ ನಿಂತುಕೊಂಡು ಓಡುವೆನೆಂದು ಹೇಳಿಕೊಳ್ಳತಕ್ಕದ್ದೋ? ಚತುರ್ಥಿಯೋ, ಪಂಚಮಿಯೋ, ಸಪ್ತಮಿಯೋ? ವಿಚಾರಿಸಿ ನೋಡಲಾಗಿ ಮೂರು ವಿಭಕ್ತಿಗಳೂ ಸಲ್ಲುತ್ತವೆಂದು ತಿಳಿದುಬಂದಿತು.

ಲಂಡನ್ ಮಹಾನಗರದ ವಾಯವ್ಯ ಭಾಗದಲ್ಲಿ, ಊರನ್ನು ಬಳಸಿ ಹೋಗುವ ಉತ್ತರ ವರ್ತುಲ ರಸ್ತೆಯ ಮಗ್ಗುಲಲ್ಲಿ, ೧೯೩೮ನೆಯ ಇಸವಿಯಲ್ಲಿ ‘ಏಸ್ ಕೆಫೆ’ ಎಂಬ ಉಪಾಹಾರಗೃಹವೊಂದನ್ನು ಲಾರಿ ನಡೆಸುವವರ ಅನುಕೂಲಕ್ಕಾಗಿ ತೆರೆದರು. ೧೯೪೦ರಲ್ಲಿ ಅದು ಶತ್ರುಗಳ ಬಾಂಬಿಗೆ ಸಿಕ್ಕಿ ಹಾಳಾಯಿತು. ೧೯೪೯ರಲ್ಲಿ ಮರಳಿ ಕಟ್ಟಲ್ಪಟ್ಟಿತು. ಯುದ್ಧ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಕಾಲ. ಕಾರ್ಖಾನೆಗಳಲ್ಲಿ ದುಡಿಯುವ ಹುಡುಗರು ಕಂತಿನ ಮೇಲೆ ಮೋಟಾರ್ ಸೈಕಲುಗಳನ್ನು ಕೊಂಡು, ಸಂಜೆಯ ಹೊತ್ತು ಅಲ್ಲಿ ಕಲೆಯುತ್ತಿದ್ದರು. ಗಂಟೆಗೆ ನೂರು ಮೈಲಿ, ಎಂದರೆ ನಮ್ಮ ಈಗಿನ ಲೆಕ್ಕದಲ್ಲಿ ಸುಮಾರು ೧೬೦ ಕಿಲೋಮೀಟರ್, ಮುಟ್ಟಿದವನೇ ಅವರಲ್ಲಿ ಗಂಡಸು. ಹಾಡಿನ ಪೆಟ್ಟಿಗೆಗೆ ಕಾಸು ಹಾಕಿ ಒಂದು ತಟ್ಟೆಯನ್ನು ಹಚ್ಚಿ, ಹಾಡು ಮುಗಿಯುವುದರೊಳಗೆ ಗೊತ್ತಾದ ಒಂದು ಸುತ್ತು ಹೋಗಿ ಬರಬೇಕೆಂಬ ಪಣವಿತ್ತೆಂದು ಐತಿಹ್ಯ. ಈ ಹುಡುಗರನ್ನು ಕಂಡು ಲಾರಿಯವರು, ‘ನೀವು ಪಂದ್ಯದ ಸವಾರರಲ್ಲ, ಹೋಟಲಿನ ಸವಾರರು’ ಎಂದು ಹಾಸ್ಯಮಾಡಿದರೆಂದೂ, ಹುಡುಗರು ಆ ಹಾಸ್ಯವನ್ನೇ ಬಿರುದಾಗಿ ಧರಿಸಿದರೆಂದೂ ಹೇಳುತ್ತಾರೆ. ಬೈಗುಳು ಬಿರುದಾಗುವುದು ಎಲ್ಲ ಭಾಷೆಗಳಲ್ಲಿಯೂ ಉಂಟಷ್ಟೆ.

ಇವರ ವಿಷಯದಲ್ಲಿ ನನಗೆ ಬಹಳ ಹಿಡಿಸಿದ್ದು ಬಿಲ್ ಶೆರ್ಗೋಲ್ಡ್ ಎಂಬ ಪಾದ್ರಿಯವರ ಕಥೆ. ಪೂರ್ವ ಲಂಡನ್ನಿನ ಹ್ಯಾಕ್ನಿ ವಿಕ್ ಎಂಬಲ್ಲಿ ೧೯೫೯ರಲ್ಲಿ ಆರಂಭವಾದ ತರುಣರ ಸಂಘವೊಂದರಲ್ಲಿ, ೧೯೬೨ರಲ್ಲಿ ಅವರು ಮೋಟಾರ್ ಸೈಕಲಿನವರಿಗೆಂದೇ ಒಂದು ಶಾಖೆಯನ್ನು ತೆರೆದರು. ಸಜ್ಜನರು ಹೆದರಿ ದೂರವಿಡುತ್ತಿದ್ದ ಆ ತೊಗಲಂಗಿಯ ಹುಡುಗರಿದ್ದಲ್ಲಿಗೆ ತಾವೇ ಹೋಗಿ ಕರೆದು, ಅವರಿಗೂ ಅವರ ಗಾಡಿಗಳಿಗೂ ದೇವರ ಹೆಸರಿನಲ್ಲಿ ಆಶೀರ್ವಾದ ಮಾಡಿದರು. ಮಹಾನವಮಿಯಲ್ಲಿ ಗಾಡಿಗೆ ಕುಂಬಳಕಾಯಿ ಒಡೆಯುವ ನಮಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಆದರೆ ಆ ದೇಶದಲ್ಲಿ ಅದೊಂದು ಸಾಹಸವೇ ಆಗಿದ್ದಿರಬೇಕು. ಏಸ್ ಕೆಫೆಯು ೧೯೬೯ರಲ್ಲಿ ಮುಚ್ಚಿಹೋಯಿತು. ೨೦೦೧ರಲ್ಲಿ ಹಳೆಯ ಜಾಗದಲ್ಲಿಯೇ ಮರಳಿ ತೆರೆಯಿತು.

ಈಗ ಆ ವಾಹನದ ಲಕ್ಷಣವನ್ನು ಹೇಳಬೇಕು. ಗಾಳಿಯ ತಡೆಯು ವೇಗದ ವರ್ಗಕ್ಕನುಸಾರವಾಗಿ ಬೆಳೆಯುತ್ತದೆ; ವೇಗವು ಇಮ್ಮಡಿಯಾದರೆ ತಡೆಯು ನಾಲ್ಮಡಿಯಾಗುತ್ತದೆ. ಆದಕಾರಣ ಅವಸರದವನು ಎದೆಯೊಡ್ಡಿ ನೆಟ್ಟಗೆ ಕುಳಿತುಕೊಳ್ಳಲಾರ, ಬಗ್ಗಬೇಕು. ಬಗ್ಗುವುದಕ್ಕೆ ಹ್ಯಾಂಡಲು ತಗ್ಗಬೇಕು. ಹ್ಯಾಂಡಲು ತಗ್ಗಿದರೆ ಕಾಲು ಹಿಂದಕ್ಕೆ ಸರಿಯಬೇಕು. ಕಾಲು ಹಿಂದಕ್ಕೆ ಸರಿದರೆ ಸೀಟೂ ಹಿಂದಕ್ಕೆ ಸರಿದು, ಕೊನೆಯಲ್ಲೊಂದು ಗೂನು ಎದ್ದು, ಸವಾರನು ಜಾರದಂತೆ ತಡೆಯಬೇಕು. ಪಂದ್ಯದಲ್ಲಿ ಓಡುವವನಿಗೆ ಜೊತೆಗಾರರು ಯಾರು? ಹಾಗಾಗಿ ಹಿಂದಿನ ಸೀಟು ಹೋಯಿತು. ಮಡ್‌ಗಾರ್ಡು ಮೊಟಕಾಯಿತು. ಕ್ಯಾರಿಯರು, ಪೆಟ್ಟಿಗೆ, ಮುಚ್ಚಳಗಳೆಲ್ಲ ಕಳಚಿಬಿದ್ದವು. ಇನ್ನೂ ಗಟ್ಟಿಗರಾದವರು ಒಂದು ಗಾಡಿಯ ಎಂಜಿನನ್ನು ಇನ್ನೊಂದು ಗಾಡಿಯ ಚಾಸಿಗೆ ಸೇರಿಸುತ್ತಿದ್ದರು. ನಾರ್ಟನ್ ಕಂಪನಿಯವರಿಗಾಗಿ ಬೆಲ್‌ಫಾಸ್ಟಿನ ರೆಕ್ಸ್ ಮೆಕ್ಯಾಂಡ್ಲೆಸ್ ಎಂಬಾತನು ಕಲ್ಪಿಸಿದ, ೧೯೫೦ರಲ್ಲಿ ಪಂದ್ಯಕ್ಕಿಳಿದ ಚಾಸಿಗೆ ‘ಗರಿಯ ಹಾಸಿಗೆ’ ಎಂದೇ ಹೆಸರು ಬಂದಿತ್ತು. ನಮ್ಮ ಕವಿಗಳಾಗಿದ್ದರೆ ಹಂಸತೂಲಿಕಾತಲ್ಪವೆನ್ನುತ್ತಿದ್ದರು. ಅದರೊಳಗೆ ಟ್ರಯಂಫ್ ಕಂಪನಿಯ ಅವಳಿ ಕೊಳವೆಯ ಎಂಜಿನನ್ನು ಕೂರಿಸಿದರೆ ‘ಟ್ರೈಟನ್’. ಅರ್ಧ ಹೆಸರು ಅದರದು, ಅರ್ಧ ಇದರದು. ಪಾಣಿನಿಯ ಯಾವ ಸಮಾಸಸೂತ್ರಕ್ಕೂ ಇದು ಒಳಗಾಗಲಾರದು.

ಇಷ್ಟೆಲ್ಲ ಇಂಗ್ಲೆಂಡಿನ ಮಾತಾಯಿತು. ನಮ್ಮ ಮನೆಯಲ್ಲಿ ಇದರ ಪ್ರಸ್ತಾಪ ಬಂದದ್ದು ನಮ್ಮ ಅಣ್ಣನವರ ಎಜ್ಡಿ ಗಾಡಿಯ ಸಂಬಂಧವಾಗಿ.

ಎಜ್ಡಿಯು ಮೈಸೂರಿನ ಮಗುವೆಂಬುದನ್ನು ಹಳಬರಿಗೆ ನೆನಪುಮಾಡಬೇಕಾಗಿಲ್ಲ; ಕಿರಿಯರಿಗಾಗಿ ಎರಡು ಮಾತು. ರುಸ್ತುಮ್ ಇರಾನಿ, ಫರೂಕ್ ಇರಾನಿ ಎಂಬವರು ೧೯೬೦ರಲ್ಲಿ ‘ಐಡಿಯಲ್ ಜಾವಾ’ ಎಂಬ ಕಂಪನಿಯನ್ನು ಸ್ಥಾಪಿಸಿ, ಯಾದವಗಿರಿಯಲ್ಲಿ ಕಾರ್ಖಾನೆಯನ್ನು ಕಟ್ಟಿಸಿ, ಚೆಕೊಸ್ಲೊವಾಕಿಯಾ ದೇಶದ ಜಾವಾ ಮೋಟಾರ್ ಸೈಕಲನ್ನು ಅಲ್ಲಿಯ ಅನುಮತಿಯಿಂದ ಇಲ್ಲಿ ತಯಾರಿಸತೊಡಗಿದರು. ಜಾವಾ ಎಂಬುದೂ ಟ್ರೈಟನ್ನಿನಂತೆಯೇ ಕತ್ತರಿಸಿ ಅಂಟಿಸಿದ ಶಬ್ದ: ೧೯೨೯ರಲ್ಲಿ ಪ್ರಾಗ್ ನಗರದ ಜನೆಚೆಕ್ ಎಂಬಾತನು ವಾಂಡರರ್ ಎಂಬ ಜರ್ಮನ್ ಕಂಪನಿಯಿಂದ ಮೋಟಾರ್ ಸೈಕಲಿನ ಕೆಲಸವನ್ನು ಕೊಂಡುಕೊಂಡು, ತನ್ನ ಹೆಸರಿನ ‘ಜ’ವನ್ನೂ ಅದರ ‘ವಾ’ವನ್ನೂ ಕೂಡಿಸಿದನು. ೧೯೭೩ರಿಂದ ಮೈಸೂರಿನ ಗಾಡಿಗೆ ಎಜ್ಡಿ ಎಂಬ ಹೆಸರಾಯಿತು. ನಮ್ಮ ರಾಜ್ಯವು ಮೈಸೂರೆಂಬ ಹೆಸರನ್ನು ಬಿಟ್ಟು ಕರ್ನಾಟಕವಾದದ್ದೂ ಆ ವರ್ಷವೇ. ಕಾರ್ಖಾನೆಯು ೧೯೯೬ರಲ್ಲಿ ಮುಚ್ಚಿತು. ಜಾವಾ ಎಂಬ ಹೆಸರಿನ ಹೊಸ ಗಾಡಿಗಳು ೨೦೧೮ರಿಂದಲೂ ಎಜ್ಡಿ ಎಂಬ ಹೆಸರಿನವು ೨೦೨೨ರಿಂದಲೂ ಬೇರೆಯವರ ಕೈಯಿಂದ, ಬೇರೆ ಊರಿನಿಂದ ಬರುತ್ತಿವೆ. ಅವು ಚೆನ್ನಾಗಿರಬಹುದು. ಆದರೆ ಅವುಗಳಲ್ಲಿರುವುದು ಬೇರೆ ಎಂಜಿನ್ನು, ಬೇರೆ ಸದ್ದು.

ನಮ್ಮ ಅಣ್ಣನವರು ಪಶುವೈದ್ಯರು. ಹೆಗ್ಗಡದೇವನಕೋಟೆಯ ಕಡೆಯ ಹಳ್ಳಿಗಳಲ್ಲಿ ಅವರ ಸರ್ಕೀಟು. ೧೯೮೧ರಲ್ಲಿ ಕೊಂಡ ಆ ಗಾಡಿಯ ಮೇಲೆ, ಹಿಂದುಗಡೆ ಔಷಧಿಯ ಪೆಟ್ಟಿಗೆಯನ್ನು ಬಿಗಿದುಕೊಂಡು, ಕರುಹಾಕಲಾರದ ಹಸುವಿನ ಬಳಿಗೆ ನಡುರಾತ್ರಿಯಲ್ಲಿಯೂ ಹೋಗುತ್ತಿದ್ದರು. ಭಾನುವಾರಗಳಲ್ಲಿ ಪೆಟ್ಟಿಗೆಯು ಇಳಿದು ಅತ್ತಿಗೆಯವರು ಏರುತ್ತಿದ್ದರು. ಒಂದೇ ಮಗ್ಗುಲಿಗೆ ಕಾಲು ಇಳಿಬಿಟ್ಟು, ಬಲಗೈಯಿಂದ ಅಣ್ಣನ ಹೆಗಲನ್ನೂ ಎಡಗೈಯಿಂದ ಸೀರೆಯ ಸೆರಗನ್ನೂ ಹಿಡಿದು, ನಂಜನಗೂಡು, ಮೇಲುಕೋಟೆ, ತಲಕಾಡುಗಳನ್ನು ಅವರು ನೋಡಿದ್ದು ಆ ಸೀಟಿನ ಮೇಲಿಂದಲೇ. ೨೦೦೯ರಲ್ಲಿ ಅಣ್ಣ ತೀರಿಕೊಂಡರು. ಗಾಡಿಯನ್ನು ಹಟ್ಟಿಯ ಮೂಲೆಯಲ್ಲಿ ನಿಲ್ಲಿಸಿ ಗೋಣಿತಾಟು ಹೊದಿಸಿದೆವು. ಹದಿನಾಲ್ಕು ವರ್ಷ ಅದು ಹಾಗೆಯೇ ನಿಂತಿತು.

ಅಣ್ಣನ ಮಗನು ಬೆಂಗಳೂರಿನಲ್ಲಿ ಎಂಜಿನಿಯರು. ತಂದೆಯ ಗಾಡಿಯನ್ನು ಎತ್ತಿ ಕೆಫೆ ರೇಸರ್ ಮಾಡಿಸುತ್ತೇನೆಂದು ಅವನು ಒಂದು ದಿವಸ ಬಂದು ಹೇಳಿದನು. ಹೇಳಿದ್ದಲ್ಲದೆ ಚಿತ್ರವನ್ನೂ ಬರೆದು ತಂದಿದ್ದನು. ಚಿತ್ರವು ನಿಜಕ್ಕೂ ಸುಂದರವಾಗಿತ್ತು: ಟ್ಯಾಂಕಿನಿಂದ ಬಾಲದವರೆಗೆ ಒಂದೇ ರೇಖೆ, ಓಡುವ ಮೊಲ ಮೈಚಾಚಿದ ಹಾಗೆ. ಅತ್ತಿಗೆಯವರು ಕನ್ನಡಕವನ್ನು ಹಾಕಿಕೊಂಡು ಬಹಳ ಹೊತ್ತು ನೋಡಿದರು. ಕೊನೆಗೆ, “ಹಿಂದಗಡೆ ಸೀಟೆಲ್ಲೋ?” ಎಂದರು.

“ಇದಕ್ಕೆ ಹಿಂದಿನ ಸೀಟು ಇರಲ್ಲಮ್ಮ. ಆ ಭಾಗದ ಚಾಸೀನೇ ಕತ್ತರಿಸಿಬಿಡ್ತೀವಿ.”

ಅತ್ತಿಗೆಯವರು ಚಿತ್ರವನ್ನು ಮಡಿಸಿ ಅವನ ಕೈಗೆ ಕೊಟ್ಟು ಒಳಕ್ಕೆ ಹೋದರು. ಗಾಡಿಯು ಅಣ್ಣನ ಹೆಸರಿನಲ್ಲಿಯೇ ಇತ್ತು. ಅದು ಮಗನ ಹೆಸರಿಗೆ ಆಗಬೇಕಾದರೆ ತಾಯಿಯು ಒಪ್ಪಿ ಸಹಿಮಾಡಬೇಕು. ಸಹಿ ಬರಲಿಲ್ಲ. ತಾಯಿ ಮಕ್ಕಳಲ್ಲಿ ಜಗಳವಾಡಿದರೆಂದಲ್ಲ. ಆ ಮಾತನ್ನು ಬಿಟ್ಟು ಮಿಕ್ಕೆಲ್ಲವನ್ನೂ ಆಡಿದರು, ಅಷ್ಟೆ. ಮೂರು ತಿಂಗಳು ಹೀಗೆ ಕಳೆದ ಮೇಲೆ ಇಬ್ಬರೂ ಬೇರೆ ಬೇರೆಯಾಗಿ ನನ್ನ ಬಳಿಗೆ ಬಂದರು.

ಹುಡುಗನ ವಾದದಲ್ಲಿ ಸತ್ತ್ವವಿತ್ತು. “ಅಪ್ಪನ ಗಾಡಿ ಹಟ್ಟೀಲಿ ಕೊಳೆಯೋದು ಅಪ್ಪನಿಗೆ ಮರ್ಯಾದೇನೇ, ಚಿಕ್ಕಪ್ಪ? ನಾನು ಅದನ್ನ ಮಾರ್ತಿಲ್ಲ, ಗುಜರಿಗೆ ಹಾಕ್ತಿಲ್ಲ. ನನ್ನ ಕೈಗೆ ಒಗ್ಗೋ ಹಾಗೆ ಮಾಡಿ ಓಡಿಸ್ತೀನಿ ಅಂತೀನಿ.” ಅತ್ತಿಗೆಯವರು ವಾದವನ್ನೇ ಮಾಡಲಿಲ್ಲ. “ಇವರೇ ಹೋದಮೇಲೆ ನನಗೇನೂ ಅದರ ಮೇಲೆ ಕೂತ್ಕೊಂಡು ಮೆರೀಬೇಕು ಅಂತಿಲ್ಲ. ಕೂತ್ಕೊಳ್ಳೋ ಜಾಗಾನೇ ಇಲ್ಲದ ಹಾಗೆ ಮಾಡಬೇಡಿ ಅಂತ ಹೇಳಿ ಅವನಿಗೆ,” ಎಂದಷ್ಟೇ ಹೇಳಿದರು.

ನಮ್ಮ ಆಗಮಶಾಸ್ತ್ರಗಳಲ್ಲಿ ಜೀರ್ಣೋದ್ಧಾರವೆಂಬುದು ಒಂದು ಪ್ರತ್ಯೇಕ ಪ್ರಕರಣ. ಶಿಥಿಲವಾದದ್ದನ್ನು ಶಿಥಿಲವಾಗಿಯೇ ಬಿಟ್ಟಿರುವುದು ಭಕ್ತಿಯಲ್ಲ, ದೋಷವೆಂಬುದು ಅಲ್ಲಿಯ ನಿಲವು. ಆದರೆ ಸರಿಪಡಿಸುವಾಗ ಮೊದಲಿದ್ದ ದ್ರವ್ಯದಿಂದಲೋ ಅದಕ್ಕಿಂತ ಮೇಲಾದದ್ದರಿಂದಲೋ ಸರಿಪಡಿಸಬೇಕು, ಹೀನದ್ರವ್ಯವು ಕೂಡದು. ಈ ಮಟ್ಟಿಗೆ ಶಾಸ್ತ್ರವು ಹುಡುಗನ ಪಕ್ಷಕ್ಕೂ ಬರುತ್ತದೆ, ತಾಯಿಯ ಪಕ್ಷಕ್ಕೂ ಬರುತ್ತದೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಶಾಲೆಯಲ್ಲಿ ಮೂವತ್ತು ವರ್ಷ ಹುಡುಗರ ಕಿವಿಯಲ್ಲಿ ಊದಿದ ಸಂಧಿಪ್ರಕರಣವೇ. ಲೋಪ, ಆಗಮ, ಆದೇಶ. ಹಳೆಯ ಗಾಡಿಯಲ್ಲಿ ಮಾಡತಕ್ಕ ಕೆಲಸವೆಲ್ಲ ಈ ಮೂರರೊಳಗೆ ಅಡಗುತ್ತದೆ. ಸವೆದ ಪಿಸ್ಟನ್ನನ್ನು ತೆಗೆದು ಹೊಸದನ್ನು ಹಾಕುವುದು ಆದೇಶ; ಹೊಸಬನು ಹಳಬನ ಸ್ಥಾನದಲ್ಲಿ ಕುಳಿತು ಹಳಬನ ಅಧಿಕಾರವನ್ನೆಲ್ಲ ಪಡೆಯುತ್ತಾನೆ. ಇದಕ್ಕೆ ವ್ಯಾಕರಣದಲ್ಲಿ ಸ್ಥಾನಿವದ್ಭಾವವೆಂದು ಹೆಸರು. ಇಲ್ಲದ್ದನ್ನು ಸೇರಿಸುವುದು ಆಗಮ. ಇದ್ದದ್ದನ್ನು ಕಳೆಯುವುದು ಲೋಪ. ಕೆಫೆ ರೇಸರ್ ಎಂಬುದು ಲೋಪಪ್ರಧಾನವಾದ ಶಾಸ್ತ್ರ. ಅದರ ಸೌಂದರ್ಯವೆಲ್ಲ ಕಳೆದದ್ದರಿಂದ ಬಂದದ್ದು. ಆದರೆ ಪ್ರತ್ಯಯವು ಲೋಪವಾದರೂ ಅದರ ಕಾರ್ಯವು ಉಳಿದೇ ಉಳಿಯುತ್ತದೆಂದು ಪಾಣಿನಿಯು ಒಂದು ಕಡೆ ವಿಧಿಸಿದ್ದಾನೆ. ಹಿಂದಿನ ಸೀಟನ್ನು ಕತ್ತರಿಸಿದರೂ ಅದರ ಮೇಲೆ ಇಪ್ಪತ್ತೆಂಟು ವರ್ಷ ಕುಳಿತವರು ಮನೆಯಲ್ಲಿಯೇ ಇರುತ್ತಾರಲ್ಲ.

ಆದುದರಿಂದ ನಾನು ಇಬ್ಬರನ್ನೂ ಕೂರಿಸಿ ಒಂದು ಮಾತನ್ನು ಹೇಳಿದೆನು: ನಟ್ಟು ಬೋಲ್ಟುಗಳಿಂದ ಕಳಚಬಹುದಾದದ್ದನ್ನೆಲ್ಲ ಹುಡುಗನು ತನ್ನ ಇಷ್ಟದಂತೆ ಕಳಚಲಿ, ಬದಲಾಯಿಸಲಿ, ಕಳಚಿದ್ದನ್ನು ಎಣ್ಣೆ ಹಚ್ಚಿ ಇಡಲಿ. ಬೆಸುಗೆಯಿಂದ ಕೂಡಿದ್ದನ್ನು ಕತ್ತರಿಸಕೂಡದು. ಏಕೆಂದರೆ ನಾಳೆ ಅವನ ಮನಸ್ಸೇ ತಿರುಗಿದರೂ ಕತ್ತರಿಸಿದ ಕಬ್ಬಿಣವು ತಿರುಗದು. ಹುಡುಗನು ಮುಖವನ್ನು ಸಣ್ಣದು ಮಾಡಿಕೊಂಡನು. ಅತ್ತಿಗೆಯವರು ಆ ದಿವಸವೂ ಸಹಿ ಹಾಕಲಿಲ್ಲ; ಆದರೆ ಹಟ್ಟಿಯ ಬೀಗದ ಕೈಯನ್ನು ಕೊಟ್ಟರು.

ಮಂಡಿ ಮೊಹಲ್ಲದ ಒಬ್ಬ ಮೇಸ್ತ್ರಿಗಳ ಬಳಿಗೆ ಗಾಡಿಯನ್ನು ತಳ್ಳಿಸಿಕೊಂಡು ಹೋದೆವು. ಅರವತ್ತು ದಾಟಿದ ಮನುಷ್ಯ; ಹುಡುಗನಾಗಿದ್ದಾಗಿನಿಂದ ಜಾವಾ ಎಜ್ಡಿಗಳನ್ನಲ್ಲದೆ ಬೇರೆ ಗಾಡಿಯನ್ನು ಮುಟ್ಟಿದವರಲ್ಲ. ಗೋಣಿತಾಟನ್ನು ಎತ್ತಿ ನೋಡಿ, “ಮೇಷ್ಟ್ರೇ, ಗಾಡಿ ಸಾಯೋದು ಓಡಿ ಓಡಿ ಅಲ್ಲ, ನಿಂತು ನಿಂತು,” ಎಂದರು. ಪಿಸ್ಟನ್ನು ಕೊಳವೆಗೆ ಕಚ್ಚಿಕೊಂಡಿತ್ತು. ಪ್ಲಗ್ಗಿನ ರಂಧ್ರದೊಳಕ್ಕೆ ಡೀಸೆಲ್ ಹೊಯ್ದು ನಾಲ್ಕು ದಿವಸ ಬಿಟ್ಟರು. ಐದನೆಯ ದಿವಸ ಮರದ ತುಂಡನ್ನಿಟ್ಟು ಮೆಲ್ಲಗೆ ಬಡಿದಾಗ ಅದು ಸಡಿಲಿತು. ಒಂದು ಸೈಲೆನ್ಸರಿನೊಳಗೆ ಕಣಜವು ಮಣ್ಣಿನ ಗೂಡು ಕಟ್ಟಿತ್ತು. ಪೆಟ್ರೋಲ್ ಟ್ಯಾಂಕಿನೊಳಗೆ ಹಿಡಿದಿದ್ದ ತುಕ್ಕನ್ನು ಸಣ್ಣ ಜಲ್ಲಿ ಹಾಕಿ ಕುಲುಕಿ ಕುಲುಕಿ ತೆಗೆದರು. ಹುಡುಗನು ರಜೆ ಹಾಕಿ ಬಂದು ಎರಡು ದಿನ ಆ ಕುಲುಕುವ ಕೆಲಸವನ್ನೇ ಮಾಡಿದನು.

ಎರಡು ಹೊಡೆತದ ಎಂಜಿನಿನ ರಹಸ್ಯವನ್ನು ನಾನು ಅರಿತದ್ದು ಆ ಗ್ಯಾರೇಜಿನ ಸ್ಟೂಲಿನ ಮೇಲೆ ಕುಳಿತು. ನಾಲ್ಕು ಹೊಡೆತದ ಎಂಜಿನಿನಲ್ಲಿ ಉಸಿರನ್ನು ಎಳೆಯುವುದಕ್ಕೂ ಬಿಡುವುದಕ್ಕೂ ಕವಾಟಗಳುಂಟು. ಇದರಲ್ಲಿ ಅವು ಯಾವುವೂ ಇಲ್ಲ. ಪಿಸ್ಟನ್ನೇ ಏರುತ್ತ ಇಳಿಯುತ್ತ ಕೊಳವೆಯ ಗೋಡೆಯಲ್ಲಿರುವ ಕಿಂಡಿಗಳನ್ನು ಮುಚ್ಚಿ ತೆರೆಯುತ್ತದೆ. ೬೫ ಮಿಲಿಮೀಟರು ಅಗಲದ, ೭೫ ಮಿಲಿಮೀಟರು ಓಟದ ಒಂದೇ ಕೊಳವೆ. ಆದರೆ ಹೊಗೆ ಹೋಗುವುದಕ್ಕೆ ಎರಡು ಸೈಲೆನ್ಸರು. ಪೆಟ್ರೋಲೂ ಗಾಳಿಯೂ ಬೆರೆತ ಆವಿಯು ಮೊದಲು ಕೆಳಗಿನ ಕ್ರ್ಯಾಂಕಿನ ಮನೆಯೊಳಕ್ಕೆ ಹೋಗಿ, ಅಲ್ಲಿ ಪಿಸ್ಟನ್ನಿನಿಂದ ಒತ್ತಲ್ಪಟ್ಟು, ಬಳಿಕ ಮೇಲಕ್ಕೆ ಏರುತ್ತದೆ. ಆದಕಾರಣ ಆ ಕೆಳಮನೆಯು ಕುಪ್ಪಿಯಂತೆ ಭದ್ರವಾಗಿರಬೇಕು. ಕ್ರ್ಯಾಂಕಿನ ಎರಡು ತುದಿಗಳಲ್ಲಿಯೂ ರಬ್ಬರಿನ ಆಯಿಲ್ ಸೀಲುಗಳುಂಟು. ನಿಂತ ಗಾಡಿಯಲ್ಲಿ ಮೊದಲು ಒಣಗಿ ಬಿರಿಯುವುದು ಅವೇ. ಒಂದು ಕಡೆಯ ಸೀಲು ಬಿರಿದರೆ ಹೊರಗಿನ ಗಾಳಿಯನ್ನು ಎಳೆದುಕೊಂಡು ಎಂಜಿನ್ನು ಹುಚ್ಚುಹಿಡಿದಂತೆ ತಾನೇ ಏರುತ್ತದೆ. ಇನ್ನೊಂದು ಕಡೆಯದು ಬಿರಿದರೆ ಗೇರಿನ ಎಣ್ಣೆಯನ್ನು ಹೀರಿ ಹೊಗೆ ಕಾರುತ್ತದೆ. ನಾಲ್ಕು ಕಾಸಿನ ರಬ್ಬರಿಗಾಗಿ ಇಡೀ ಎಂಜಿನನ್ನು ಎರಡು ಹೋಳಾಗಿ ಬಿಚ್ಚಬೇಕು. ಬಿಚ್ಚಿದರು. ಬೇರಿಂಗುಗಳು ಹೋದವು, ಕೊಳವೆಯನ್ನು ಬೋರಿಂಗ್ ಮಾಡಿಸಿ ಒಂದು ಅಳತೆ ದೊಡ್ಡ ಪಿಸ್ಟನ್ನು ಬಂದಿತು, ಪಾಯಿಂಟು ಕಂಡೆನ್ಸರುಗಳು ಬದಲಾದವು. ಕಾರ್ಖಾನೆ ಮುಚ್ಚಿ ಇಷ್ಟು ವರ್ಷಗಳಾದರೂ ಸಾಮಾನುಗಳು ಸಿಕ್ಕುತ್ತವೆ. ಕೆಲವು ಮೈಸೂರಿನಲ್ಲಿಯೇ, ಕೆಲವು ಬೆಂಗಳೂರಿನ ಜೆ. ಸಿ. ರಸ್ತೆಯಲ್ಲಿ. ಆದರೆ ಅವುಗಳಲ್ಲಿ ಕಾರ್ಖಾನೆಯ ಕಾಲದ್ದು ಯಾವುದು, ಮೊನ್ನೆ ಯಾರೋ ಎರಕಹೊಯ್ದದ್ದು ಯಾವುದು ಎಂಬುದನ್ನು ಮೇಸ್ತ್ರಿಗಳು ಕಣ್ಣಿನಿಂದಲ್ಲ, ಬೆರಳಿನಿಂದ ಹೇಳುತ್ತಿದ್ದರು.

ಗಾಡಿಯ ಮಗ್ಗುಲ ಪೆಟ್ಟಿಗೆಯಲ್ಲಿ, ಎಣ್ಣೆಬಟ್ಟೆಯಲ್ಲಿ ಸುತ್ತಿದ ಎರಡು ಪ್ಲಗ್ಗುಗಳ ಜೊತೆಗೆ, ಅಣ್ಣನವರ ಒಂದು ಚಿಕ್ಕ ಪುಸ್ತಕವು ಸಿಕ್ಕಿತು. ಎಷ್ಟು ಕಿಲೋಮೀಟರಿಗೆ ಗೇರಿನ ಎಣ್ಣೆ ಬದಲಾಯಿಸಿದ್ದು, ಎಂದು ಚೈನು ಬಿಗಿದದ್ದು, ಎಲ್ಲ ಆ ಸಣ್ಣ ಅಕ್ಷರದಲ್ಲಿ. ನಡುನಡುವೆ ಯಾವುದೋ ಹಳ್ಳಿಯ ಯಾವುದೋ ಎಮ್ಮೆಗೆ ಕೊಟ್ಟ ಔಷಧಿಯ ಪ್ರಮಾಣ. ಒಂದು ಪುಟದಲ್ಲಿ ‘ಹಿಂದಿನ ಫುಟ್‌ರೆಸ್ಟು ಎತ್ತರಿಸಿದ್ದು, ಅವಳ ಕಾಲಿಗೆ ಸರಿಹೋಗಲಿಲ್ಲವೆಂದು’ ಎಂದಿತ್ತು. ಹುಡುಗನು ಅದನ್ನು ಓದಿ ಏನೂ ಅನ್ನದೆ ಜೇಬಿನಲ್ಲಿಟ್ಟುಕೊಂಡನು. ಸಂಜೆ ಅದು ಅತ್ತಿಗೆಯವರ ಕೈಗೆ ಹೋಯಿತೆಂದು ಬಲ್ಲೆ. ಮರುದಿವಸ ಬೆಳಗ್ಗೆ ಊಟದ ಮೇಜಿನ ಮೇಲೆ ಸಹಿಯಾದ ಕಾಗದವಿತ್ತು.

ಎಂಜಿನಿನ ಕೆಲಸವು ಆದ ಮೇಲೆ ಆಕಾರದ ಕೆಲಸ. ಇಲ್ಲಿ ಗಾಡಿಯೇ ತನ್ನ ಹಟವನ್ನು ತೋರಿಸಿತು. ಕೆಫೆ ರೇಸರಿನಲ್ಲಿ ಫುಟ್‌ರೆಸ್ಟು ಹಿಂದಕ್ಕೆ ಸರಿಯಬೇಕೆಂದು ಹೇಳಿದೆನಷ್ಟೆ. ಆದರೆ ಜಾವಾ ವಂಶದ ಗಾಡಿಯಲ್ಲಿ ಕಿಕ್ಕರೂ ಗೇರಿನ ಹಿಡಿಯೂ ಒಂದೇ. ಎಡಗಡೆಯ ಆ ಒಂದೇ ಸನ್ನೆಯನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದು ಕಿಕ್ಕರು. ಹೊಡೆದಮೇಲೆ ಕೆಳಕ್ಕೆ ತಿರುಗಿಸಿಬಿಟ್ಟರೆ ಅದೇ ಗೇರು. ಏಕಶಬ್ದಕ್ಕೆ ಎರಡು ಅರ್ಥ. ಶ್ಲೇಷಾಲಂಕಾರದ ಲಕ್ಷ್ಯವಾಗಿ ಕೊಡಬಹುದು. ಕಾಲನ್ನು ಅರ್ಧ ಅಡಿ ಹಿಂದಕ್ಕೆ ಒಯ್ದರೆ ಈ ಸನ್ನೆಯು ಅದಕ್ಕೆ ಎಟುಕದು. ಸರಳು ಸೇರಿಸಿ ಗೇರನ್ನು ಹಿಂದಕ್ಕೆ ತಂದರೆ ಕಿಕ್ಕರು ತಿರುಗದು. ಹುಡುಗನು ಎರಡು ರಾತ್ರಿ ಕಾಗದದ ಮೇಲೆ ಲೆಕ್ಕಹಾಕಿ, ಮೂರನೆಯ ದಿವಸ ಫುಟ್‌ರೆಸ್ಟನ್ನು ಇದ್ದಲ್ಲಿಯೇ ಬಿಟ್ಟನು. “ಚೆಕ್ಕಿನೋನು ನಿಮಗಿಂತ ಬುದ್ಧಿವಂತ ಸಾರ್,” ಎಂದು ಮೇಸ್ತ್ರಿಗಳು ಅವನನ್ನು ಕೆಣಕಿದರು.

ಸೈಲೆನ್ಸರಿನ ವಿಷಯದಲ್ಲಿಯೂ ಹೀಗೆಯೇ. ಬೆಂಗಳೂರಿನಿಂದ ಅವನು ಎರಡು ಮೋಟು ಕೊಳವೆಗಳನ್ನು ತಂದಿದ್ದನು. ಹಾಕಿ ಹೊಡೆದಾಗ ಬೀದಿಯ ನಾಯಿಗಳೆಲ್ಲ ಎದ್ದವು. ಗಾಡಿಯ ಬಲ ಮಾತ್ರ ಇಳಿದಿತ್ತು. ಎರಡು ಹೊಡೆತದ ಎಂಜಿನಿನಲ್ಲಿ ಸೈಲೆನ್ಸರೆಂಬುದು ಬರಿಯ ಬಾಯಿಬಟ್ಟೆಯಲ್ಲ. ಅದರೊಳಗೆ ಹೋದ ಒತ್ತಡದ ಅಲೆಯು ಹಿಂದಿರುಗಿ ಬಂದು, ಕಿಂಡಿಯಿಂದ ಸುಡದೆಯೇ ಓಡಿಹೋಗಲಿದ್ದ ಹೊಸ ಆವಿಯನ್ನು ಮರಳಿ ಕೊಳವೆಯೊಳಕ್ಕೆ ದಬ್ಬುತ್ತದೆ. ಉದ್ದವೂ ಆಕಾರವೂ ಅದಕ್ಕೆ ತಕ್ಕಂತೆ ಅಳೆದು ಮಾಡಿದ್ದು. ಮೋಟುಮಾಡಿದರೆ ಸದ್ದು ಹೆಚ್ಚಿ ಸಾರವು ಸೋರುತ್ತದೆ. ಸಭೆಗಳಲ್ಲಿ ಇಂಥ ಎಂಜಿನುಗಳನ್ನು ನಾವು ಕಂಡೇ ಇದ್ದೇವೆ. ಹಳೆಯ ಉದ್ದನೆಯ ಸೈಲೆನ್ಸರುಗಳು ಸುಣ್ಣದ ಪುಡಿಯಿಂದ ತಿಕ್ಕಿಸಿಕೊಂಡು ಮರಳಿ ಬಂದವು.

ಉಳಿದದ್ದು ಸೀಟು. ಇದರಲ್ಲಿ ಅತ್ತಿಗೆಯವರಿಗೆ ಅನಿರೀಕ್ಷಿತವಾಗಿ ಒಬ್ಬ ದೊಡ್ಡ ಸಾಕ್ಷಿ ದೊರೆತನು: ಭಾರತ ಸರ್ಕಾರ. ೧೯೮೮ರ ಮೋಟಾರು ವಾಹನಗಳ ಅಧಿನಿಯಮದ ೫೨ನೆಯ ಪ್ರಕರಣದಂತೆ, ತಯಾರಕನು ಮೊದಲು ನಿರ್ದೇಶಿಸಿದ ವಿವರಗಳಿಗೆ ನೋಂದಣಿಪತ್ರದ ವಿವರಗಳು ಭಿನ್ನವಾಗುವಂತೆ ಒಡೆಯನು ವಾಹನವನ್ನು ಮಾರ್ಪಡಿಸಕೂಡದು. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ನೋಂದಣಿಪತ್ರದಲ್ಲಿ ಬಣ್ಣವಿದೆ, ಎಂಜಿನಿನ ನಂಬರಿದೆ, ಚಾಸಿಯ ನಂಬರಿದೆ. ಆಸನಗಳ ಸಂಖ್ಯೆಯೆಂಬ ಕಡೆ ‘ಎರಡು’ ಎಂದಿದೆ. ಹದಿನೈದು ವರ್ಷ ದಾಟಿದ ಗಾಡಿಯನ್ನು ಐದೈದು ವರ್ಷಕ್ಕೊಮ್ಮೆ ತೋರಿಸಿ ನೋಂದಣಿಯನ್ನು ಹೊಸದು ಮಾಡಿಸಬೇಕಾದ್ದರಿಂದ, ಇದನ್ನು ಬಚ್ಚಿಡುವ ಹಾಗೂ ಇಲ್ಲ. ೧೯೮೯ರ ನಿಯಮಾವಳಿಯ ೧೨೩ನೆಯ ನಿಯಮವಂತೂ, ಹಿಂದೆ ಕುಳಿತವರಿಗೆ ಕೈಹಿಡಿಯೂ ಫುಟ್‌ರೆಸ್ಟೂ ಇರಬೇಕೆಂದೂ, ಅವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕಾದರೂ ತಡೆಯಿರಬೇಕೆಂದೂ ವಿಧಿಸುತ್ತದೆ. ಇದೇ ನಾವು ಸೀರೆ ಗಾರ್ಡೆನ್ನುವುದು. ಏಸ್ ಕೆಫೆಯ ಹುಡುಗರು ಕನಸಿನಲ್ಲಿಯೂ ಕಾಣದ ಅವಯವ. ಇಂಗ್ಲೆಂಡಿನವನು ಪಂದ್ಯದ ಗಾಡಿಯನ್ನು ಕಲ್ಪಿಸಿದರೆ, ಅದರ ಹಿಂದೆ ಅಡ್ಡಡ್ಡಲಾಗಿ ಕುಳಿತ ಒಂಬತ್ತು ಗಜದ ಸೀರೆಯನ್ನು ಕಲ್ಪಿಸಿದವನು ಭಾರತದವನು. ಯಾರ ಕಲ್ಪನೆ ಹಿರಿದೆಂದು ನಾನು ಹೇಳಲಾರೆ.

ಹುಡುಗನು ಕಾಯಿದೆಯ ಪುಸ್ತಕವನ್ನು ಮುಚ್ಚಿ, ತಗಡಿನ ಕೆಲಸದವನ ಬಳಿಗೆ ಹೋದನು. ಅಲ್ಲಿ ಆದ ಉಪಾಯವಿದು. ಉದ್ದನೆಯ ಸೀಟು ಪೂರ್ತಿಯಾಗಿಯೇ ಉಳಿಯಿತು. ಮೇಲಣ ರೆಕ್ಸಿನ್ ಮಾತ್ರ ಹೊಸದಾಗಿ, ಸ್ಪಂಜು ಸ್ವಲ್ಪ ತೆಳುವಾಯಿತು. ಅದರ ಹಿಂದಿನ ಅರ್ಧದ ಮೇಲೆ ಮುಚ್ಚಿಕೊಳ್ಳುವಂತೆ, ಟ್ಯಾಂಕಿನ ಕೆಂಗಂದು ಬಣ್ಣವನ್ನೇ ಬಳಿದ ಒಂದು ತಗಡಿನ ಗೂನನ್ನು ಮಾಡಿಸಿದನು. ಗೂನನ್ನು ಕೂರಿಸಿದರೆ ಗಾಡಿಗೆ ಒಂಟಿ ಸವಾರನ ರೂಪ. ಎತ್ತಿದರೆ ಮೊದಲಿನ ಎಜ್ಡಿ. ಹ್ಯಾಂಡಲು ಮಾತ್ರ ಅದೇ ಹಿಡಿಕೆಗಳಲ್ಲಿ ಕೂರುವ ತಗ್ಗಾದ ನೇರ ಸರಳಾಯಿತು. ನೋಂದಣಿಪತ್ರದಲ್ಲಿ ಹ್ಯಾಂಡಲಿನ ಎತ್ತರವನ್ನು ಬರೆದಿರುವುದಿಲ್ಲ. ಲಂಡನ್ನಿನವರು ಇದನ್ನು ನೋಡಿದರೆ ಕೆಫೆ ರೇಸರೆಂದು ಒಪ್ಪುವರೋ ಇಲ್ಲವೋ. ಅರ್ಧ ರೇಸರು ಎನ್ನಬಹುದು. ಕೆಫೆಯ ಭಾಗವು ಪೂರ್ತಿಯಾಗಿದೆ, ಪ್ರತಿ ಭಾನುವಾರವೂ ಹುಡುಗನು ದೋಸೆಗೆಂದು ಅದರ ಮೇಲೆ ಹೋಗುತ್ತಾನೆ.

ಕಳೆದ ವರ್ಷ ಮಾಗಿಯ ಒಂದು ಬೆಳಗ್ಗೆ ಅದು ಮೊದಲು ಹತ್ತಿಕೊಂಡಿತು. ಲೀಟರಿಗೆ ೪೦ ಮಿಲಿಲೀಟರಿನಂತೆ ಎಣ್ಣೆ ಬೆರೆಸಿದ ಪೆಟ್ರೋಲನ್ನು ಹೊಯ್ದು, ಮೇಸ್ತ್ರಿಗಳು ಏಳನೆಯ ಸಲ ಒದ್ದಾಗ, ಆ ಹಳೆ ನೀಲಿ ಹೊಗೆಯೂ ಆ ಟಣಟಣವೂ ಬೀದಿಯನ್ನು ತುಂಬಿದವು. ಎದುರುಮನೆಯ ಮುದುಕರು ಹೊರಕ್ಕೆ ಬಂದು, “ಡಾಕ್ಟ್ರು ಗಾಡಿ ಅಲ್ವೇ?” ಎಂದರು. ಅತ್ತಿಗೆಯವರು ಬಾಗಿಲಿನಲ್ಲಿಯೇ ನಿಂತಿದ್ದರು. ಮಗನು ಎಂಜಿನನ್ನು ನಿಲ್ಲಿಸಿದ ಮೇಲೆ ಹತ್ತಿರಕ್ಕೆ ಬಂದು, ಸೀರೆ ಗಾರ್ಡನ್ನು ಕೈಯಿಂದ ಅಲ್ಲಾಡಿಸಿ ನೋಡಿ, ಕೆಳಗಿನ ಸ್ಕ್ರೂ ಸಡಿಲವಾಗಿದೆಯೆಂದು ತೋರಿಸಿದರು. ಸಡಿಲವಾಗಿಯೇ ಇತ್ತು.

ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಅದು ತೇವವನ್ನು ಹೀರುತ್ತದೆ. ಗಾಡಿಯನ್ನು ವಾರಗಟ್ಟಲೆ ನಿಲ್ಲಿಸಬಾರದೆಂದು ಮೇಸ್ತ್ರಿಗಳ ಕಟ್ಟಪ್ಪಣೆ. ಹುಡುಗನು ಬೆಂಗಳೂರಿನಿಂದ ಬರಲಾರದ ವಾರಗಳಲ್ಲಿ ಅವರೇ ಬಂದು ಒಂದು ಸುತ್ತು ಹೋಗಿ ಬರುತ್ತಾರೆ. ತಗಡಿನ ಗೂನು ಸಾಮಾನ್ಯವಾಗಿ ಅಟ್ಟದ ಮೇಲೆ, ಹಳೆಯ ಹ್ಯಾಂಡಲಿನ ಮಗ್ಗುಲಲ್ಲಿ, ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿರುತ್ತದೆ. ಚಾಮುಂಡಿಬೆಟ್ಟಕ್ಕೆ ಒಬ್ಬನೇ ಹೋಗುವ ದಿವಸ ಹುಡುಗನು ಅದನ್ನು ಹಾಕಿಕೊಳ್ಳುತ್ತಾನೆ. ತಾಯಿಯನ್ನು ನಂಜನಗೂಡಿಗೆ ಕರೆದುಕೊಂಡು ಹೋಗುವ ದಿವಸ ಕಳಚುತ್ತಾನೆ. ನಾಲ್ಕೇ ನಟ್ಟು. ಹತ್ತನೆಯ ನಂಬರಿನ ಸ್ಪ್ಯಾನರೊಂದಿದ್ದರೆ ಹತ್ತು ನಿಮಿಷದ ಕೆಲಸ.